ಮಾಯವಾದ ಚುಕ್ಕೆಯೂ ಅಪ್ಪಯ್ಯನ ಗ್ಲಾಕೋಮವೂ

ಪ್ರಶ್ನೆ: ನಮ್ಮದು ತೀರ್ಥಹಳ್ಳಿ ತಾಲ್ಲೂಕು, ಅಡಿಕೆ ತೋಟ. ನನಗೀಗ 46 ವರ್ಷ. ಮಗಳು ಹತ್ತನೇ ಕ್ಲಾಸು. ಮೊನ್ನೆ ವಿಜ್ಞಾನದ ಪಾಠ ಓದುತ್ತಾ ಒಂದು ಕಾಗದದಲ್ಲಿ ಎಡಕ್ಕೆ ಕೂಡಿಸುವ ಚಿಹ್ನೆ, ಬಲಕ್ಕೆ ಕಪ್ಪು ಚುಕ್ಕೆ ಬರೆದು, ನನ್ನ ಎಡಗಣ್ಣು ಮುಚ್ಚಿಸಿ ಚಿಹ್ನೆಯನ್ನೇ ನೋಡು ಅಂದಳು. ಕಾಗದ ಹತ್ತಿರ ತರುತ್ತಿದ್ದ ಹಾಗೆ ಚುಕ್ಕೆ ಮಾಯ. ಕಾಗದ ತಿರುಗಿಸಿ ಇನ್ನೊಂದು ಕಣ್ಣಲ್ಲಿ ನೋಡಿದರೂ ಹಾಗೇ. ಅವಳಿಗೆ ನಗು, ನನಗೆ ಎದೆ ಧಸಕ್ಕೆಂದಿತು. ನಮ್ಮ ಅಪ್ಪಯ್ಯನಿಗೆ ಗ್ಲಾಕೋಮ ಇತ್ತು. ಗೊತ್ತಾಗುವಷ್ಟರಲ್ಲಿ ಒಂದು ಕಣ್ಣು ಪೂರ್ತಿ ಹೋಗಿತ್ತು. ಹೋದ ತಿಂಗಳು ಆಗುಂಬೆ ಘಾಟಿಯಲ್ಲಿ ಬೈಕ್ ಇಳಿಸುವಾಗ ತಿರುವಿನಲ್ಲಿ ಬಂದ ವ್ಯಾನ್ ತೀರಾ ಹತ್ತಿರ ಬರುವವರೆಗೂ ನನಗೆ ಕಾಣಲಿಲ್ಲ. ನನಗೂ ಅದೇ ಶುರುವಾಯಿತೇ? ಖಾಲಿ ಜಾಗವನ್ನು ಮೆದುಳು ತುಂಬಿಸಿಕೊಳ್ಳುತ್ತದೆ ಅಂತ ಮಗಳು ಹೇಳುತ್ತಾಳೆ, ಹಾಗಂದರೇನು? ಮನೆಯಲ್ಲೇ ನಾನು ಕಣ್ಣು ಪರೀಕ್ಷಿಸಿಕೊಳ್ಳಬಹುದೇ?

ಉತ್ತರ: ಮೊದಲು ಧೈರ್ಯ ತಂದುಕೊಳ್ಳಿ. ಮಗಳ ಕಾಗದದಲ್ಲಿ ಚುಕ್ಕೆ ಮಾಯವಾದದ್ದು ಕಾಯಿಲೆಯಿಂದಲ್ಲ. ಅದು ಮಾಯವಾಗದೇ ಇದ್ದಿದ್ದರೆ ನೀವು ಕಣ್ಣು ಅಲ್ಲಾಡಿಸಿದಿರಿ ಎಂದೇ ನಾನು ಹೇಳುತ್ತಿದ್ದೆ. ಎಲ್ಲರ ಎರಡೂ ಕಣ್ಣಲ್ಲಿ ಹುಟ್ಟಿನಿಂದ ಒಂದೊಂದು ಕುರುಡು ಚುಕ್ಕೆ ಇದ್ದೇ ಇದೆ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಾಲು: ‘ಗೊತ್ತಾಗುವಷ್ಟರಲ್ಲಿ ಒಂದು ಕಣ್ಣು ಪೂರ್ತಿ ಹೋಗಿತ್ತು.’ ಅಪ್ಪಯ್ಯನಿಗೆ ಯಾಕೆ ಗೊತ್ತಾಗಲಿಲ್ಲ ಎಂಬುದಕ್ಕೂ, 46 ವರ್ಷ ಈ ಚುಕ್ಕೆ ನಿಮಗೆ ಯಾಕೆ ಗೊತ್ತಾಗಲಿಲ್ಲ ಎಂಬುದಕ್ಕೂ ಕಾರಣ ಹೆಚ್ಚುಕಮ್ಮಿ ಒಂದೇ. ಅದಕ್ಕೇ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಕಣ್ಣಿನ ಒಳಗೋಡೆಗೆ ಹಾಸಿಕೊಂಡಿರುವ ತೆಳ್ಳನೆಯ ಪದರ ಅಕ್ಷಿಪಟಲ. ಆಸ್ಪತ್ರೆಯಲ್ಲಿ ನಾವು ಪರದೆ ಅಂತಲೇ ಹೇಳುವುದು. ಹಗಲಿನ ಬೆಳಕಿಗೂ ಬಣ್ಣಕ್ಕೂ ಅದರಲ್ಲಿ ಸುಮಾರು 60 ಲಕ್ಷ ಶಂಕುಕೋಶಗಳಿವೆ, ಮಬ್ಬು ಬೆಳಕಿಗೆ ಸುಮಾರು 12 ಕೋಟಿ ದಂಡಕೋಶಗಳು. ಇವು ಹಿಡಿದ ಸುದ್ದಿ ಮೆದುಳಿಗೆ ಮುಟ್ಟುವುದು ಹತ್ತು ಹನ್ನೆರಡು ಲಕ್ಷ ನರದ ಎಳೆಗಳ ಮೂಲಕ. ಎಳೆಗಳು ಪರದೆಯ ಮೇಲ್ಮೈಯಲ್ಲಿ ಹರಿದು ಬಂದು ಒಂದು ಕಡೆ ಕೂಡಿ, ಕಟ್ಟಾಗಿ ಕಣ್ಣಿನಿಂದ ಹೊರಬೀಳುತ್ತವೆ. ಆ ಕಟ್ಟೇ ದೃಷ್ಟಿನರ. ನಿಮ್ಮ ತೋಟದ ಬಸಿಗಾಲುವೆಗಳೆಲ್ಲ ಸೇರಿ ನೀರು ಹೊರಗೆ ಬೀಳುವ ಬಾಯಿಯಲ್ಲಿ ನೀವು ಅಡಿಕೆ ಸಸಿ ನೆಡುವುದಿಲ್ಲವಲ್ಲ, ಇಲ್ಲೂ ಹಾಗೇ. ಎಳೆಗಳು ಹೊರಬೀಳುವ ಬಾಯಿಯಲ್ಲಿ ಬೆಳಕು ಹಿಡಿಯುವ ಒಂದು ಕೋಶವೂ ಇಲ್ಲ. ಉಪಕರಣ ಹಿಡಿದು ಪಾಪೆಯೊಳಗೆ ನೋಡಿದರೆ ಆ ಬಾಯಿ ನಸು ಕಿತ್ತಳೆ ಬಣ್ಣದ ಪುಟ್ಟ ಬಿಲ್ಲೆಯಾಗಿ ಕಾಣುತ್ತದೆ. ಅಗಲ ಸುಮಾರು ಒಂದೂವರೆ ಮಿಲಿಮೀಟರ್, ಎತ್ತರ ಅದಕ್ಕಿಂತ ಚೂರು ಜಾಸ್ತಿ. ಕಣ್ಣಿನ ಡಾಕ್ಟರ ಕೆಲಸದ ದೊಡ್ಡ ಪಾಲು ಈ ಬಿಲ್ಲೆಯನ್ನು ನೋಡುವುದರಲ್ಲೇ ಕಳೆಯುತ್ತದೆ.

ಬಿಲ್ಲೆ ಇರುವುದು ನೋಟದ ನಟ್ಟನಡುವಿನ ಬಿಂದುವಿನಿಂದ ಮೂಗಿನ ಕಡೆಗೆ. ಕಣ್ಣೊಳಗೆ ಚಿತ್ರ ತಿರುವುಮುರುವಾಗಿ ಬೀಳುವುದರಿಂದ ಹೊರಗಿನ ಲೋಕದಲ್ಲಿ ಕಾಣದ ಜಾಗ ಕಿವಿಯ ಕಡೆಗಾಗುತ್ತದೆ. ಬಲಗಣ್ಣಿಗೆ ಬಲಕ್ಕೆ, ಎಡಗಣ್ಣಿಗೆ ಎಡಕ್ಕೆ. ನೆಟ್ಟ ನೋಟದಿಂದ ಸುಮಾರು 15 ಡಿಗ್ರಿ ಆಚೆ, ಚೂರೇ ಚೂರು ಕೆಳಗೆ. ಅಗಲ ಸುಮಾರು ಐದೂವರೆ ಡಿಗ್ರಿ, ಎತ್ತರ ಏಳೂವರೆ. ಮಗಳು ಚಿಹ್ನೆಗೂ ಚುಕ್ಕೆಗೂ ನಡುವೆ 8 ಸೆಂ.ಮೀ. ಬಿಟ್ಟಿದ್ದರೆ, ಕಾಗದ ಕಣ್ಣಿನಿಂದ 30 ಸೆಂ.ಮೀ. ದೂರಕ್ಕೆ ಬಂದಾಗ ಚುಕ್ಕೆ ಹೋಗಿರುತ್ತದೆ. ಆ ದೂರದಲ್ಲಿ ಕಾಣದ ಜಾಗ ಸುಮಾರು 3 ಸೆಂ.ಮೀ. ಅಗಲ, 4 ಸೆಂ.ಮೀ. ಎತ್ತರ. ಚುಕ್ಕೆಯ ಬದಲು ಒಂದು ರೂಪಾಯಿ ನಾಣ್ಯ ಇಟ್ಟರೂ ಇಡೀ ನಾಣ್ಯವೇ ಹೋಗುತ್ತದೆ.

ಸಣ್ಣದು ಅಂದುಕೊಳ್ಳಬೇಡಿ. ಹುಣ್ಣಿಮೆ ಚಂದ್ರ ಆಕಾಶದಲ್ಲಿ ಹಿಡಿಯುವುದು ಬರೀ ಅರ್ಧ ಡಿಗ್ರಿ. ಹತ್ತು ಚಂದ್ರರನ್ನು ಸಾಲಾಗಿ ನಿಲ್ಲಿಸಿದರೂ ಈ ಜಾಗದೊಳಗೆ ಹಿಡಿಸುತ್ತಾರೆ. ಮಳೆಗಾಲ ಮುಗಿದು ಆಕಾಶ ತಿಳಿಯಾದ ಮೇಲೆ ಮಗಳ ಕೈಲಿ ಇದನ್ನು ಮಾಡಿಸಿ. ಕೈ ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿದರೆ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಎಡಗಣ್ಣು ಮುಚ್ಚಿ, ಚಂದ್ರನ ಎಡಕ್ಕೆ ಒಂದೂವರೆ ಮುಷ್ಟಿ ಆಚೆ, ಹೆಚ್ಚುಕಮ್ಮಿ ಅದೇ ಎತ್ತರದಲ್ಲಿರುವ ನಕ್ಷತ್ರವೊಂದನ್ನು ಹುಡುಕಿ ಅದರ ಮೇಲೇ ದೃಷ್ಟಿ ನೆಡಲಿ. ಸ್ವಲ್ಪ ಆಚೀಚೆ ಸರಿಸಿ ಹೊಂದಿಸಿಕೊಂಡರೆ ಚಂದ್ರ ಆಕಾಶದಿಂದ ಅಳಿಸಿಹೋಗುತ್ತಾನೆ.

ಆಟದ ಚಟ ಇದ್ದರೆ ಇನ್ನೂ ಮಜಾ ಇದೆ. ಯಕ್ಷಗಾನದ ರಂಗದಿಂದ 10 ಮೀಟರ್ ದೂರ ಕೂತು, ಎಡಗಣ್ಣು ಮುಚ್ಚಿ ಭಾಗವತರ ಮುಖವನ್ನೇ ನೋಡಿ. ಅವರಿಂದ ನಿಮ್ಮ ಬಲಕ್ಕೆ ಎರಡೂಮುಕ್ಕಾಲು ಮೀಟರ್ ಆಚೆ ನಿಂತು ಅರ್ಥ ಹೇಳುತ್ತಿರುವ ವೇಷದ ಮುಖ, ಎದೆ ಎರಡೂ ಹೋಗಿ, ಅಲ್ಲಿ ರಂಗದ ಹಿಂದಿನ ತೆರೆಯ ಬಣ್ಣ ಬಂದು ಕೂರುತ್ತದೆ. ಮಾತು ಮಾತ್ರ ಕೇಳುತ್ತಿರುತ್ತದೆ. ಇಂಗ್ಲೆಂಡಿನ ದೊರೆ 2ನೇ ಚಾರ್ಲ್ಸ್ ಹೀಗೇ ಒಂದು ಕಣ್ಣು ಮುಚ್ಚಿಕೊಂಡು ತನ್ನ ಆಸ್ಥಾನದವರ ತಲೆ ಹಾರಿಸಿ ಸಂತೋಷಪಡುತ್ತಿದ್ದನಂತೆ ಎಂಬ ಕತೆ ವೈದ್ಯ ವಿದ್ಯಾರ್ಥಿಗಳ ಬಾಯಲ್ಲಿ ಓಡಾಡುತ್ತದೆ. ಅವನ ಅಪ್ಪ 1ನೇ ಚಾರ್ಲ್ಸ್‌ನ ತಲೆಯನ್ನು 1649ರಲ್ಲಿ ನಿಜವಾಗಿಯೇ ಕಡಿದಿದ್ದರು. ಅದು ನೆನಪಾದರೆ ನಗು ಅರ್ಧಕ್ಕೇ ನಿಲ್ಲುತ್ತದೆ.

ಈ ಚುಕ್ಕೆಯನ್ನು ಕಂಡುಹಿಡಿದವನು ಫ್ರಾನ್ಸಿನ ಎಡ್ಮೆ ಮಾರಿಯೋಟ್. ಅನಿಲದ ಒತ್ತಡ, ಗಾತ್ರದ ನಿಯಮದಲ್ಲಿ ಬಾಯ್ಲ್ ಜೊತೆಗೆ ಹೆಸರು ಬರುವವನೂ ಇವನೇ. ವಿಶೇಷ ಏನೆಂದರೆ ಅವನಿಗೆ ಇದು ಆಕಸ್ಮಿಕವಾಗಿ ಸಿಕ್ಕಿದ್ದಲ್ಲ. ಕಣ್ಣುಗಳನ್ನು ಕೊಯ್ದು ನೋಡಿದಾಗ ನರ ಪಾಪೆಯ ನೇರಕ್ಕಿರದೆ ಮೂಗಿನ ಕಡೆ ಸರಿದಿರುವುದು ಕಂಡಿತು. ಹಾಗಾದರೆ ಚಿತ್ರ ಸರಿಯಾಗಿ ನರದ ಮೇಲೇ ಬಿದ್ದರೆ ಏನಾದೀತು ಎಂದು ಯೋಚಿಸಿ, ಕತ್ತಲು ಗೋಡೆಗೆ ಎರಡು ಕಾಗದದ ಚೂರು ಅಂಟಿಸಿ, ಒಂದು ಕಣ್ಣಲ್ಲಿ ನೋಡುತ್ತಾ ಹಿಂದೆ ಹಿಂದೆ ಸರಿದ. ಹತ್ತಡಿ ಹತ್ತಿರ ಬಂದಾಗ ಒಂದು ಕಾಗದ ಮಾಯವಾಯಿತು. 1668ರಲ್ಲಿ ಇದನ್ನು ಪ್ರಕಟಿಸಿದ. ಆದರೆ ತೀರ್ಮಾನದಲ್ಲಿ ಎಡವಿದ. ಆ ಜಾಗದಲ್ಲಿ ಪರದೆಯ ಹಿಂದಿನ ರಕ್ತನಾಳದ ಪದರ ಇರಲಿಲ್ಲ, ಹಾಗಾಗಿ ಬೆಳಕನ್ನು ಹಿಡಿಯುವುದು ಆ ಪದರವೇ ಇರಬೇಕು ಎಂದುಬಿಟ್ಟ. ವಾದ ಓದಿದರೆ ಸರಿಯೆನಿಸುವ ಹಾಗಿದೆ, ಅದೇ ತಮಾಷೆ.

ನರದ ಎಳೆಗಳು ಪರದೆಯ ಮುಂದುಗಡೆ ಯಾಕೆ ಹರಿಯಬೇಕು, ಹಿಂದಿನಿಂದಲೇ ಹೋಗಬಹುದಿತ್ತಲ್ಲ ಎಂದು ಮಗಳು ಕೇಳಿಯೇ ಕೇಳುತ್ತಾಳೆ. ಬೆನ್ನೆಲುಬಿರುವ ಪ್ರಾಣಿಗಳಲ್ಲೆಲ್ಲ ಪರದೆ ಹೀಗೆ ಹಿಂದುಮುಂದಾಗಿಯೇ ಇದೆ. ಬೆಳಕು ನರದ ಎಳೆ, ರಕ್ತನಾಳ, ನಡುವಿನ ಕೋಶಗಳನ್ನೆಲ್ಲ ದಾಟಿ ಕಟ್ಟಕಡೆಗೆ ಶಂಕು, ದಂಡಕೋಶಗಳನ್ನು ಮುಟ್ಟುತ್ತದೆ. ಭ್ರೂಣದಲ್ಲಿ ನಮ್ಮ ಅಕ್ಷಿಪಟಲ ಮೆದುಳಿನ ಗೋಡೆಯೇ ಉಬ್ಬಿ ಹೊರಚಾಚಿ ಆದ ಭಾಗವಾದ್ದರಿಂದ ಈ ತಿರುವು. ಕರಾವಳಿಯಿಂದ ಘಟ್ಟ ಹತ್ತಿ ನಮ್ಮ ಮೀನು ಮಾರ್ಕೆಟ್ಟಿಗೆ ಬರುವ ಬೊಂಡಾಸ್ (ಸ್ಕ್ವಿಡ್), ಅದರ ನೆಂಟ ಆಕ್ಟೋಪಸ್, ಇವುಗಳ ಅಕ್ಷಿಪಟಲ ಹೊರಚರ್ಮ ಒಳಮಡಚಿ ಆದದ್ದು. ಅಲ್ಲಿ ಕೋಶಗಳು ಬೆಳಕಿಗೆ ಮುಖ ಮಾಡಿವೆ, ಎಳೆಗಳು ಹಿಂದಿನಿಂದ ಹೋಗುತ್ತವೆ, ಕುರುಡು ಚುಕ್ಕೆಯೇ ಇಲ್ಲ. ಇದನ್ನೆತ್ತಿಕೊಂಡು ನಮ್ಮ ಕಣ್ಣು ಎಡವಟ್ಟಾಗಿ ಕಟ್ಟಿದ್ದು ಎನ್ನುವವರಿದ್ದಾರೆ. ನನಗೆ ಅಷ್ಟು ಒಪ್ಪಿಗೆಯಿಲ್ಲ. ಬೆಳಕು ಹಿಡಿಯುವ ಕೋಶಗಳಿಗೆ ಹಸಿವು ವಿಪರೀತ. ಅವು ಹಿಂದಿನ ಕಪ್ಪು ವರ್ಣಪದರಕ್ಕೆ ಆತುಕೊಂಡಿರುವುದರಿಂದಲೇ ಅವಕ್ಕೆ ಆಹಾರ, ಆಮ್ಲಜನಕ ಸಿಗುತ್ತದೆ, ಬೆಳಕಿಗೆ ಸವೆದ ವರ್ಣದ್ರವ್ಯ ಮತ್ತೆ ಹೊಸದಾಗುತ್ತದೆ. ಪರದೆ ಆ ಪದರದಿಂದ ಕಿತ್ತು ಬಂದ ರೋಗಿಗಳನ್ನು ನೋಡಿದವರು ಈ ಜೋಡಣೆಯನ್ನು ಹಗುರವಾಗಿ ಆಡಿಕೊಳ್ಳುವುದಿಲ್ಲ.

ಈಗ ಮುಖ್ಯ ಮಾತು. ಇಷ್ಟು ದೊಡ್ಡ ಖಾಲಿ ಜಾಗ ನಿತ್ಯ ಯಾಕೆ ಕಾಣುವುದಿಲ್ಲ? ಎರಡೂ ಕಣ್ಣು ತೆರೆದಿದ್ದರೆ ಉತ್ತರ ಸುಲಭ. ಬಲಗಣ್ಣಿಗೆ ಕಾಣದ್ದು ಎಡಗಣ್ಣಿಗೆ ಕಾಣುತ್ತದೆ, ಅದಕ್ಕೆ ಕಾಣದ್ದು ಇದಕ್ಕೆ. ಎರಡೂ ಚುಕ್ಕೆ ಒಂದೇ ಜಾಗದ ಮೇಲೆ ಬೀಳುವುದೇ ಇಲ್ಲ. ಜೊತೆಗೆ ಕಣ್ಣು ಸೆಕೆಂಡಿಗೆ ಸುಮಾರು ಮೂರು ಸಲ ಜಿಗಿಯುತ್ತದೆ. ಒಂದು ಕ್ಷಣ ತಪ್ಪಿದ್ದು ಮರುಕ್ಷಣ ಸಿಗುತ್ತದೆ.

ಆದರೆ ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕದಲಿಸದೆ ಹಿಡಿದರೂ ಅಲ್ಲಿ ಕಪ್ಪು ಹೊಂಡ ಕಾಣುವುದಿಲ್ಲವಲ್ಲ. ಕಾಗದ ಬಿಳಿಯಿದ್ದರೆ ಆ ಜಾಗವೂ ಬಿಳಿ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಚುಕ್ಕೆ ಇಟ್ಟು ನೋಡಿ, ಚುಕ್ಕೆ ಹೋಗಿ ಅಲ್ಲೂ ಕೆಂಪು ಗೋಡೆಯೇ ಇರುತ್ತದೆ. ಆಮೇಲೆ ಅದೇ ಗೋಡೆಯಲ್ಲಿ ನೆಟ್ಟಗೆ ಒಂದು ಬಿಳಿ ಗೆರೆ ಎಳೆದು ನಡುವೆ ಎರಡು ಬೆರಳಷ್ಟು ಅಳಿಸಿ. ಅಳಿಸಿದ ಜಾಗ ಕುರುಡು ಚುಕ್ಕೆಗೆ ಸರಿಯಾಗಿ ಬಂದರೆ ಗೆರೆ ಕೂಡಿಕೊಂಡು ಇಡಿಯಾಗಿ ಕಾಣುತ್ತದೆ. ಇಲ್ಲದ ಗೆರೆಯನ್ನು ನೀವು ನೋಡುತ್ತಿರುತ್ತೀರಿ. ಮಗಳು ಹೇಳಿದ ತುಂಬಿಸಿಕೊಳ್ಳುವುದು ಅಂದರೆ ಇದು. ಸಾದಾ ಬಣ್ಣ, ಗೆರೆ, ಒಂದೇ ಬಗೆಯ ಹಾಸು ಚೆನ್ನಾಗಿ ತುಂಬಿಕೊಳ್ಳುತ್ತವೆ. ಹಸೆಚಿತ್ತಾರದಲ್ಲಿ ಕೂತ ಮದುಮಕ್ಕಳ ಗೊಂಬೆಯನ್ನೇ ಚುಕ್ಕೆಯೊಳಗೆ ಹಾಕಿದರೆ ಮೆದುಳು ಗೊಂಬೆಯನ್ನು ಹುಟ್ಟಿಸಿಕೊಡುವುದಿಲ್ಲ. ಸುತ್ತ ಏನಿದೆಯೋ ಅದನ್ನೇ ಒಳಗೂ ಹರಡುತ್ತದೆ, ಅಷ್ಟೇ ಅದರ ಜಾಣತನ.

ನಿಜಕ್ಕೂ ತುಂಬಿಸುತ್ತದೆಯೋ, ಅಥವಾ ಅಲ್ಲಿಂದ ಸುದ್ದಿಯೇ ಬಾರದ್ದರಿಂದ ಮೆದುಳು ಆ ಜಾಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವೋ ಎಂದು ದೊಡ್ಡ ಜಗಳವೇ ನಡೆದಿದೆ. ಅಮೆರಿಕದ ತತ್ತ್ವಶಾಸ್ತ್ರಜ್ಞ ಡೇನಿಯಲ್ ಡೆನೆಟ್ ಎರಡನೆಯದನ್ನು ಹಿಡಿದವರು: ಕೇಳುವವರೇ ಇಲ್ಲದ ಕಡೆ ಉತ್ತರ ತುಂಬಿಸುವ ಕಷ್ಟ ಯಾಕೆ ಎಂಬುದು ಅವರ ವಾದದ ತಿರುಳು. ತಮಿಳುನಾಡಿನಲ್ಲಿ ಹುಟ್ಟಿ ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡಿದ ನರವಿಜ್ಞಾನಿ ವಿ.ಎಸ್. ರಾಮಚಂದ್ರನ್ 1990ರ ದಶಕದ ಮೊದಲಿಗೆ ಸರಳವಾದ ಪ್ರಯೋಗಗಳ ಸರಣಿಯನ್ನೇ ಮಾಡಿ, ಮೆದುಳು ನಿಜವಾಗಿಯೂ ಏನೋ ಕಟ್ಟುತ್ತದೆ ಎಂದು ತೋರಿಸಿದರು. ಬ್ರೆಜಿಲ್‌ನಲ್ಲಿ 1992ರಲ್ಲಿ, ಜಪಾನಿನಲ್ಲಿ 2005ರಲ್ಲಿ ಕೋತಿಗಳ ಮೇಲೆ ನಡೆದ ಅಧ್ಯಯನಗಳೂ ಅದೇ ಕಡೆ ವಾಲುತ್ತವೆ. ಕುರುಡು ಚುಕ್ಕೆಗೆ ಸೇರಿದ ಮೆದುಳಿನ ಜಾಗದಲ್ಲಿರುವ ನರಕೋಶಗಳು, ಗೆರೆಯ ಎರಡೂ ತುದಿ ಚುಕ್ಕೆಯ ಆಚೀಚೆ ಕಂಡಾಗ, ಗೆರೆ ಇಡಿಯಾಗಿದೆ ಎಂಬಂತೆ ಮಿಡಿಯುತ್ತವೆ. ನಾನು ರಾಮಚಂದ್ರನ್ ಪಕ್ಷ.

ನನ್ನ ನಿದ್ದೆ ಕೆಡಿಸುವ ಪ್ರಯೋಗ ಇವು ಯಾವುದೂ ಅಲ್ಲ. 2017ರಲ್ಲಿ ಜರ್ಮನಿಯ ಓಸ್ನಾಬ್ರುಕ್‌ನಲ್ಲಿ ನಡೆದದ್ದು. ಜನರಿಗೆ ಎರಡು ಗೆರೆಪಟ್ಟಿಯ ಚಿತ್ರ ತೋರಿಸಿ, ಯಾವುದರಲ್ಲಿ ಗೆರೆ ತುಂಡಾಗದೆ ಇದೆ ಹೇಳಿ ಎಂದರು. ಒಂದು ಚಿತ್ರವನ್ನು ಕಣ್ಣು ಪೂರ್ತಿ ನೋಡುತ್ತಿತ್ತು. ಇನ್ನೊಂದರ ನಡುಭಾಗ ಕುರುಡು ಚುಕ್ಕೆಯೊಳಗಿತ್ತು, ಅಂದರೆ ಅಲ್ಲಿ ಕಂಡದ್ದು ಮೆದುಳಿನ ಊಹೆ. ನೋಡಲು ಎರಡೂ ಒಂದೇ ಥರ. ಆರಿಸಬೇಕಾಗಿ ಬಂದಾಗ ಜನ ಹೆಚ್ಚಾಗಿ ಆರಿಸಿದ್ದು ಊಹೆಯ ಚಿತ್ರವನ್ನೇ. ಕಣ್ಣಾರೆ ಕಂಡೆ ಎನ್ನುವ ಭರವಸೆ ಬರಲು ಕಣ್ಣು ಕಾಣಲೇಬೇಕೆಂದೇನೂ ಇಲ್ಲ ಎಂದಾಯಿತು.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಅಪ್ಪಯ್ಯನ ಕಣ್ಣಿಗೆ ಬರೋಣ.

ಗ್ಲಾಕೋಮದಲ್ಲಿ ಸಾಯುವುದು ಮೇಲೆ ಹೇಳಿದ ನರದ ಎಳೆಗಳೇ. ಅವು ಬಿಲ್ಲೆಯಲ್ಲಿ ಬಾಗಿ ಕಣ್ಣಿನಿಂದ ಹೊರಬೀಳುವ ಇಕ್ಕಟ್ಟಿನಲ್ಲಿ ಏಟು ತಿನ್ನುತ್ತವೆ. ಕಣ್ಣೊಳಗಿನ ಒತ್ತಡ, ಜನ ಕಣ್ಣಿನ ಬಿಪಿ ಅನ್ನುತ್ತಾರಲ್ಲ ಅದು, ಆ ನರ ತಡೆದುಕೊಳ್ಳುವುದಕ್ಕಿಂತ ಹೆಚ್ಚಾದರೆ ಎಳೆಗಳು ಕಂತೆ ಕಂತೆಯಾಗಿ ಒಣಗುತ್ತವೆ. ಬಿಲ್ಲೆಯ ನಡುವೆ ಎಲ್ಲರಿಗೂ ಒಂದು ಸಣ್ಣ ಗುಳಿ ಇರುತ್ತದೆ, ಎಳೆಗಳು ಸತ್ತಷ್ಟೂ ಗುಳಿ ಅಗಲವಾಗುತ್ತದೆ. ನೋಟದ ನಡುಭಾಗ ಬಹುಕಾಲ ಉಳಿಯುತ್ತದೆ. ಹಾಗಾಗಿ ಗೋಡೆಯ ಮೇಲಿನ ಅಕ್ಷರ ಓದಿಸಿದರೆ ರೋಗಿ ಕೊನೆಯ ಸಾಲಿನವರೆಗೂ ಓದಿಬಿಡಬಹುದು. ಮೊದಲು ಹೋಗುವುದು ಹೆಚ್ಚಾಗಿ ಸಹಜ ಕುರುಡು ಚುಕ್ಕೆಯಿಂದ ಹೊರಟು ನೋಟದ ನಡುವನ್ನು ಬಳಸಿಕೊಂಡು ಮೇಲೋ ಕೆಳಗೋ ಕಮಾನಾಗಿ ಬಾಗುವ ಪಟ್ಟಿ. ಡೆನ್ಮಾರ್ಕಿನ ಯಾನಿಕ್ ಬ್ಯೆರುಮ್ ಎಂಬ ಕಣ್ಣಿನ ವೈದ್ಯ 1889ರಲ್ಲಿ ಇದನ್ನು ವಿವರಿಸಿದ. ಅವನ ಉಪಕರಣ ತನ್ನ ಕೋಣೆಯ ಬಾಗಿಲಿನ ಹಿಂಬದಿ. ರೋಗಿಯನ್ನು ಅದರ ಎದುರು ಕೂರಿಸಿ, ಸಣ್ಣ ಬಿಳಿ ಗುರುತೊಂದನ್ನು ಆಚೀಚೆ ಆಡಿಸುತ್ತಾ, ಎಲ್ಲಿ ಕಾಣುತ್ತದೆ ಎಲ್ಲಿ ಇಲ್ಲ ಎಂದು ಗುರುತು ಹಾಕಿಕೊಳ್ಳುತ್ತಿದ್ದ. ಅಂಥ ಕಮಾನಿಗೆ ಇಂದಿಗೂ ಅವನ ಹೆಸರಿದೆ.

ಆ ಪಟ್ಟಿ ಹೋದಾಗ ರೋಗಿಗೆ ಕಾಣುವುದೇನು? ಜಾಹೀರಾತುಗಳಲ್ಲಿ ಸುತ್ತ ಕಪ್ಪಾಗಿ ನಡುವೆ ಮಾತ್ರ ಕಾಣುವ ಚಿತ್ರ ಹಾಕುತ್ತಾರೆ. ಅದು ಜನರನ್ನು ದಾರಿ ತಪ್ಪಿಸುತ್ತದೆ ಎಂದು ನನ್ನ ತಕರಾರು. 2013ರಲ್ಲಿ ಲಂಡನ್ನಿನ ಸಂಶೋಧಕರು ಗ್ಲಾಕೋಮ ಇರುವವರನ್ನೇ ಕೂರಿಸಿ, ನಿಮಗೆ ಕಾಣುವುದು ಇವುಗಳಲ್ಲಿ ಯಾವ ಥರ ಎಂದು ಚಿತ್ರಗಳನ್ನು ತೋರಿಸಿದರು. ಕಪ್ಪು ಕಲೆಯ ಚಿತ್ರವನ್ನಾಗಲಿ, ಕಪ್ಪು ಸುರಂಗದ ಚಿತ್ರವನ್ನಾಗಲಿ ಒಬ್ಬರೂ ಆರಿಸಲಿಲ್ಲ. ಕೆಲವು ಕಡೆ ಮಸುಕು, ಕೆಲವು ಕಡೆ ವಸ್ತು ಇಲ್ಲದ ಹಾಗೆ, ಇಷ್ಟೇ. ತಮಗೆ ಏನೂ ಗೊತ್ತಾಗಿಲ್ಲ ಎಂದವರೂ ಇದ್ದರು. ಸಹಜ ಚುಕ್ಕೆಯನ್ನು ಮುಚ್ಚುವ ಮೆದುಳು ಕಾಯಿಲೆಯ ಚುಕ್ಕೆಯನ್ನೂ ಸುಮಾರಾಗಿ ಹಾಗೇ ಮುಚ್ಚುತ್ತದೆ. ಒಂದು ಕಣ್ಣಿನ ಕೊರತೆಯನ್ನು ಇನ್ನೊಂದು ಕಣ್ಣು ತುಂಬಿಕೊಡುತ್ತದೆ. ಅಪ್ಪಯ್ಯ ಅಸಡ್ಡೆ ಮಾಡಿದರು ಅಂತ ಮನೆಯಲ್ಲಿ ಯಾರಾದರೂ ಅಂದಿದ್ದರೆ ಇನ್ನು ಮೇಲೆ ಅನ್ನಬೇಡಿ. ಅವರಿಗೆ ಗೊತ್ತಾಗಲು ದಾರಿಯೇ ಇರಲಿಲ್ಲ. ಅಂಗಳದಲ್ಲಿ ಹರವಿದ ಅಡಿಕೆ, ಕೊಟ್ಟಿಗೆ, ದಣಪೆ ಎಲ್ಲವೂ ಅವರಿಗೆ ಇಡಿಯಾಗಿಯೇ ಕಂಡಿರುತ್ತದೆ.

ಅದಕ್ಕೇ ಮನೆಯಲ್ಲೇ ಪರೀಕ್ಷಿಸಿಕೊಳ್ಳಬಹುದೇ ಎಂಬುದಕ್ಕೆ ನನ್ನ ಉತ್ತರ ಇಲ್ಲ. ಮಗಳ ಕಾಗದದಿಂದ ಸಹಜ ಚುಕ್ಕೆ ಸಿಗುತ್ತದೆ, ಯಾಕೆಂದರೆ ಅದು ಎಲ್ಲಿದೆ ಎಂದು ಮೊದಲೇ ಗೊತ್ತು, ಅಂಚೂ ಖಚಿತ. ಗ್ಲಾಕೋಮದ ಮೊದಲ ಕಲೆ ಎಲ್ಲಿ ಹುಟ್ಟುತ್ತದೆ ಎಂದು ಗೊತ್ತಿಲ್ಲ, ಅಂಚು ಮಸುಕು, ಮೊದಮೊದಲು ಪೂರ್ತಿ ಕುರುಡೂ ಆಗಿರುವುದಿಲ್ಲ. ಮಂದ ಬೆಳಕಿನ ಚುಕ್ಕೆ ಅಲ್ಲಿ ಕಾಣದು, ಜೋರು ಬೆಳಕಿನದು ಕಾಣುತ್ತದೆ. ಕಾಗದದಲ್ಲಿ ಏನೂ ಸಿಗಲಿಲ್ಲವೆಂದು ನೆಮ್ಮದಿಯಾಗಿ ಕೂತರೆ ಪರೀಕ್ಷೆ ಮಾಡಿಕೊಳ್ಳದೇ ಇದ್ದುದಕ್ಕಿಂತ ಕೆಟ್ಟದು. ಆಗೀಗ ಒಂದೊಂದೇ ಕಣ್ಣು ಮುಚ್ಚಿ ನೋಡುವ ಅಭ್ಯಾಸ ಒಳ್ಳೆಯದೇ, ಒಂದು ಕಣ್ಣಿಗೆ ಪೊರೆ ಬಂದದ್ದು ಹಾಗೆ ಗೊತ್ತಾಗಬಹುದು. ಗ್ಲಾಕೋಮಕ್ಕೆ ಅದು ಸಾಲದು. ನೋಟದ ಹರವನ್ನು ಅಳೆಯುವ ಫೀಲ್ಡ್ ಟೆಸ್ಟಿನ ಯಂತ್ರಕ್ಕೂ ಕಲೆ ಸಿಗುವ ಹೊತ್ತಿಗೆ ಕಾಲು ಭಾಗಕ್ಕಿಂತ ಹೆಚ್ಚು ಎಳೆಗಳು ಹೋಗಿರಬಹುದು, ಇನ್ನು ಕಾಗದದ ಮಾತೇನು.

ಆಗುಂಬೆ ಘಾಟಿಯ ವ್ಯಾನಿಗೂ ಈ ಚುಕ್ಕೆಗೂ ಸಂಬಂಧವಿ‌ಲ್ಲ. ಎರಡು ಕಣ್ಣು ತೆರೆದು ಓಡಿಸುವವರಿಗೆ ಸಹಜ ಕುರುಡು ಚುಕ್ಕೆ ಏನನ್ನೂ ಬಚ್ಚಿಡಲಾರದು. ಘಾಟಿಯಲ್ಲಿ ವಾಹನ ಬಚ್ಚಿಡಲು ಬೇರೆ ಬೇಕಾದಷ್ಟಿವೆ: ಹೇರ್‌ಪಿನ್ ತಿರುವಿನ ಧರೆ, ಮಂಜು, ಹೆಲ್ಮೆಟ್ಟಿನ ಅಂಚು, ಗೀರು ಬಿದ್ದ ಗಾಜು, ಮಧ್ಯಾಹ್ನದಲ್ಲೂ ಕಾಡಿನ ಕತ್ತಲೆಯಿಂದ ಥಟ್ಟನೆ ಬಿಸಿಲಿಗೆ ಬರುವುದು. ಕಣ್ಣಿನ ಕಡೆಯಿಂದಲೂ ಒಂದು ಕಾರಣ ಇರಬಹುದು, ಚುಕ್ಕೆಗಿಂತ ಅದು ಅಪಾಯ. ಕಣ್ಣು ಒಂದು ಕಡೆಯಿಂದ ಇನ್ನೊಂದು ಕಡೆಗೆ ಜಿಗಿಯುವಾಗ ನಡುವಿನ ಕ್ಷಣದಲ್ಲಿ ಮೆದುಳು ನೋಟವನ್ನು ಅದುಮಿ ಹಿಡಿಯುತ್ತದೆ, ಇಲ್ಲದಿದ್ದರೆ ಲೋಕವೆಲ್ಲ ಅಲುಗಾಡಿ ಕಾಣುತ್ತಿತ್ತು. ಎಡಬಲಕ್ಕೆ ಸರಕ್ಕನೆ ಕತ್ತು ತಿರುಗಿಸಿ ರಸ್ತೆ ಖಾಲಿ ಎಂದುಕೊಂಡಾಗ, ಜಿಗಿತದ ಆ ಕ್ಷಣದಲ್ಲಿ ಸಿಕ್ಕಿಬಿದ್ದ ಬೈಕೋ ವ್ಯಾನೋ ಕಾಣದೇ ಹೋಗಿರಬಹುದು. ನಿಧಾನವಾಗಿ, ಎರಡು ಸಲ ನೋಡಿ. ಹಾಗೆಂದು ನಿಮ್ಮ ಕಣ್ಣು ಸರಿಯಿದೆ ಎಂದು ಪತ್ರ ನೋಡಿ ಹೇಳಲು ಬರುವುದಿಲ್ಲ. ಪಕ್ಕದಿಂದ ಬಂದವರು ಕಾಣುವುದಿಲ್ಲ, ಹೊಸ್ತಿಲು ಎಡವುತ್ತೇನೆ, ಸಂಜೆ ಬೈಕ್ ಓಡಿಸಲು ಭಯ, ಇವು ಮತ್ತೆ ಮತ್ತೆ ಆಗುತ್ತಿದ್ದರೆ ಪರೀಕ್ಷೆ ಮಾಡುವವರಿಗೆ ಹೇಳಲೇಬೇಕು. ಒಂದೇ ಕಣ್ಣಿನ ದೃಷ್ಟಿ ಇರುವವರಿಗೆ ಮಾತ್ರ ಸಹಜ ಚುಕ್ಕೆಯೂ ನಿಜವಾದ ಹೊಂಡವೇ. ಅವರು ತಲೆ ತಿರುಗಿಸಿ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು.

ರಾತ್ರಿಯ ಕುರುಡು ಚುಕ್ಕೆ ಬೇರೆಯೇ ಇದೆ, ನೀವು ಕೇಳಿಲ್ಲ, ಮಗಳಿಗಾಗಿ ಹೇಳುತ್ತೇನೆ. ನೋಟದ ನಟ್ಟನಡುವಿನಲ್ಲಿ ಶಂಕುಕೋಶಗಳು ಕಿಕ್ಕಿರಿದಿವೆ, ದಂಡಕೋಶಗಳು ಒಂದೂ ಇಲ್ಲ. ಹಾಗಾಗಿ ಕತ್ತಲಲ್ಲಿ ಮಂದ ನಕ್ಷತ್ರವನ್ನು ನೇರ ನೋಡಿದರೆ ಅದು ಹೋಗುತ್ತದೆ, ಚೂರು ಪಕ್ಕಕ್ಕೆ ನೋಡಿದರೆ ಬರುತ್ತದೆ. ಕೃತ್ತಿಕೆಯ ಗುಂಪಿನ ಮೇಲೆ ಅವಳು ಇದನ್ನು ಪ್ರಯೋಗಿಸಲಿ, ಓರೆಗಣ್ಣಿಗೆ ನಕ್ಷತ್ರಗಳ ಎಣಿಕೆ ಹೆಚ್ಚುತ್ತದೆ.

ಇನ್ನು ನೀವು ಮಾಡಬೇಕಾದದ್ದು. ಹೆತ್ತವರಿಗೋ ಒಡಹುಟ್ಟಿದವರಿಗೋ ಗ್ಲಾಕೋಮ ಇದ್ದರೆ ಉಳಿದವರಿಗೆ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ನಿಮ್ಮ ವಯಸ್ಸೂ ನಲವತ್ತು ದಾಟಿದೆ. ಚುಕ್ಕೆ ಮಾಯವಾಗದಿದ್ದರೂ ನೀವು ಈ ವರ್ಷ ಕಣ್ಣು ತೋರಿಸಲೇಬೇಕಿತ್ತು. ಕನ್ನಡಕದ ಅಂಗಡಿಯ ನಂಬರ್ ಪರೀಕ್ಷೆ ಇದಕ್ಕೆ ಆಗುವುದಿಲ್ಲ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಕಣ್ಣಿನ ವಿಭಾಗವೋ, ನಿಮಗೆ ನಂಬಿಕೆಯಿರುವ ಬೇರೆ ಕಣ್ಣಿನ ವೈದ್ಯರೋ, ಎಲ್ಲಿ ಹೋದರೂ ಮೊದಲ ಮಾತಿಗೇ ‘ನಮ್ಮ ಅಪ್ಪಯ್ಯನಿಗೆ ಗ್ಲಾಕೋಮ ಇತ್ತು’ ಅನ್ನಿ. ಕಣ್ಣಿನ ಒತ್ತಡ ಅಳೆಯುತ್ತಾರೆ. ಸಾಮಾನ್ಯವಾಗಿ 10ರಿಂದ 21 ಮಿ.ಮೀ. ಪಾದರಸದ ಒಳಗಿರುತ್ತದೆ. ಆದರೆ ಒತ್ತಡ ಸರಿಯಿದ್ದೂ ನರ ಒಣಗುವ ಗ್ಲಾಕೋಮ ಇದೆ, ಅದಕ್ಕೆ ಬರೀ ಒತ್ತಡ ನೋಡಿ ಕಳಿಸಿದರೆ ಬಿಲ್ಲೆ ನೋಡಿದಿರಾ ಎಂದು ಕೇಳಿ. ಕೇಳಿದರೆ ಡಾಕ್ಟರು ಬೇಸರ ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಪರವಾಗಿಲ್ಲ.

ಅನುಮಾನ ಬಂದರೆ ಫೀಲ್ಡ್ ಟೆಸ್ಟ್. ಒಂದು ಬಟ್ಟಲಿನಾಕಾರದ ಯಂತ್ರದೊಳಗೆ ಮುಖವಿಟ್ಟು, ಒಂದು ಕಣ್ಣು ಮುಚ್ಚಿ, ನಡುವಿನ ದೀಪವನ್ನೇ ನೋಡುತ್ತಿರಬೇಕು. ಅಲ್ಲಿ ಇಲ್ಲಿ ಮಿಣುಕುವ ಬೆಳಕು ಕಂಡಾಗಲೆಲ್ಲ ಗುಂಡಿ ಒತ್ತಬೇಕು. ನಿಮ್ಮ ಮಗಳಿಗೆ ಇಷ್ಟವಾಗುವ ಸಂಗತಿ ಇಲ್ಲಿದೆ: ಯಂತ್ರ ಆಗಾಗ ಬೇಕೆಂದೇ ನಿಮ್ಮ ಸಹಜ ಕುರುಡು ಚುಕ್ಕೆಯೊಳಗೆ ಬೆಳಕು ಬಿಡುತ್ತದೆ. ನೆಟ್ಟಗೆ ನೋಡುತ್ತಿದ್ದರೆ ಅದು ಕಾಣಬಾರದು. ಅದಕ್ಕೂ ಗುಂಡಿ ಒತ್ತಿದಿರೋ, ಈ ರೋಗಿ ಕಣ್ಣು ಆಚೀಚೆ ಆಡಿಸುತ್ತಿದ್ದಾನೆ ಎಂದು ಬರೆದುಕೊಳ್ಳುತ್ತದೆ. ಕಳ್ಳಾಟ ಹಿಡಿಯಲು ಕುರುಡು ಚುಕ್ಕೆಯನ್ನೇ ಕಾವಲಿಗಿಟ್ಟಿದ್ದಾರೆ. ಪರೀಕ್ಷೆ ಬೇಸರದ್ದು, ಎಷ್ಟೋ ಬೆಳಕು ಕಾಣಲಾರದಷ್ಟು ಮಂದವಾಗಿಯೇ ಇರುತ್ತವೆ, ಎಲ್ಲರಿಗೂ ಹಾಗೆ. ಕಾಣದ್ದಕ್ಕೆ ಗಾಬರಿಯಾಗಿ ಊಹೆಯಲ್ಲಿ ಒತ್ತಬೇಡಿ. ಮೊದಲ ಸಲ ಫಲಿತಾಂಶ ಕೆಟ್ಟು ಬಂದರೆ ಮತ್ತೊಮ್ಮೆ ಮಾಡಿಸುವುದು ವಾಡಿಕೆ.

ಗ್ಲಾಕೋಮ ಇದೆ ಎಂದಾದರೆ ಹೋದ ದೃಷ್ಟಿ ವಾಪಸ್ ಬರುವುದಿಲ್ಲ. ಇರುವುದನ್ನು ಉಳಿಸಿಕೊಳ್ಳಲು ದಿನವೂ ಹಾಕುವ ಡ್ರಾಪ್ಸ್, ಬೇಕಾದರೆ ಲೇಸರ್, ಆಪರೇಷನ್ ಇವೆ. ಒತ್ತಡ ಇಳಿಸುವುದೇ ಎಲ್ಲದರ ಉದ್ದೇಶ. ಡ್ರಾಪ್ಸ್ ಹಾಕಿದ ಮೇಲೆ ಏನೂ ವ್ಯತ್ಯಾಸ ಕಾಣುವುದಿಲ್ಲವೆಂದು ಜನ ನಿಲ್ಲಿಸಿಬಿಡುತ್ತಾರೆ. ದೃಷ್ಟಿ ಹೆಚ್ಚಿಸುವುದು ಡ್ರಾಪ್ಸಿನ ಕೆಲಸವಲ್ಲ, ಇರುವುದನ್ನು ಉಳಿಸುವುದು. ಅದು ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂದು ಪರೀಕ್ಷೆಯಿಂದಲೇ ತಿಳಿಯಬೇಕು. ನಮ್ಮ ಕಡೆಯ ಒಂದು ದುರಭ್ಯಾಸವನ್ನೂ ಇಲ್ಲೇ ಹೇಳುತ್ತೇನೆ. ಅಡಿಕೆ ಸುಲಿಯುವಾಗ ಧೂಳು ಬಿದ್ದು ಕಣ್ಣು ಕೆಂಪಾದರೆ ಮೆಡಿಕಲ್ ಶಾಪಿನಲ್ಲಿ ಕೇಳಿ ಡ್ರಾಪ್ಸ್ ತಂದು, ತಣ್ಣಗಾಯಿತೆಂದು ತಿಂಗಳುಗಟ್ಟಲೆ ಹಾಕುವವರಿದ್ದಾರೆ. ಅದರಲ್ಲಿ ಸ್ಟೀರಾಯ್ಡ್ ಇದ್ದರೆ ಕೆಲವರಿಗೆ ಕಣ್ಣಿನ ಒತ್ತಡ ಏರುತ್ತದೆ, ಮನೆತನದಲ್ಲಿ ಗ್ಲಾಕೋಮ ಇರುವವರಿಗೆ ಇನ್ನೂ ಸುಲಭವಾಗಿ. ನಿಮ್ಮ ಮನೆಯ ಕಪಾಟಿನಲ್ಲಿ ಅಂಥ ಬಾಟಲಿ ಇದ್ದರೆ ಅದನ್ನೂ ಜೊತೆಗೆ ತೆಗೆದುಕೊಂಡು ಹೋಗಿ ತೋರಿಸಿ.

ಕಣ್ಣು ಕೆಂಪಾಗಿ ವಿಪರೀತ ನೋವು, ವಾಂತಿ, ದೀಪದ ಸುತ್ತ ಬಣ್ಣದ ಬಳೆ ಕಂಡರೆ ಅದು ಒತ್ತಡ ಏಕಾಏಕಿ ಏರುವ ಇನ್ನೊಂದು ಬಗೆಯ ಗ್ಲಾಕೋಮ ಇರಬಹುದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. ಬಗ್ಗಿದಾಗ ಕ್ಷಣಕಾಲ ಕಣ್ಣು ಕತ್ತಲಿಟ್ಟು ಜೊತೆಗೆ ತಲೆನೋವು ಇದ್ದರೂ ತಡಮಾಡಬಾರದು. ತಲೆಯೊಳಗಿನ ಒತ್ತಡಕ್ಕೆ ಬಿಲ್ಲೆ ಊದಿಕೊಂಡಾಗ ಹಾಗಾಗುತ್ತದೆ, ಆಗ ಸಹಜ ಕುರುಡು ಚುಕ್ಕೆಯೇ ದೊಡ್ಡದಾಗಿರುತ್ತದೆ.

ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಅವರಿಗೂ ಹೇಳಿ, ನಿಮಗೆ ಎಷ್ಟು ಸಾಧ್ಯತೆಯೋ ಅವರಿಗೂ ಅಷ್ಟೇ. ಮಗಳಿಗೆ ಈಗ ಅವಸರವಿಲ್ಲ. ಕನ್ನಡಕಕ್ಕೆಂದು ಕಣ್ಣು ತೋರಿಸುವಾಗ ಅಜ್ಜನ ವಿಷಯ ಹೇಳಿದರೆ ಸಾಕು. ಪರೀಕ್ಷೆಯ ದಿನ ಪಾಪೆ ಅಗಲಿಸುವ ಡ್ರಾಪ್ಸ್ ಹಾಕಿದರೆ ನಾಲ್ಕೈದು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಬೈಕ್ ಮನೆಯಲ್ಲೇ ಬಿಟ್ಟು ಬಸ್ಸಿಗೆ ಬನ್ನಿ, ಜೊತೆಗೆ ಒಬ್ಬರಿರಲಿ.